ಹಿಮ್ಮಡಿಯ ಓಟ

ರಾತ್ರಿ ಎರಡೂವರೆ. ಹೊಕ್ಕಾಡಿಗೋಳಿಯ ಕಂಬಳದ ಬಯಲಿನಲ್ಲಿ ಆ ಹೊತ್ತಿಗೆ ನಿದ್ದೆ ಹತ್ತಿದ್ದು ಅಪ್ಪಂದಿರ ಹೆಗಲಿಗೆ ಜೋತುಬಿದ್ದ ಮಕ್ಕಳಿಗೆ ಮಾತ್ರ. ಮಿಕ್ಕವರೆಲ್ಲ ಎಚ್ಚರ. ಕಂಬಕ್ಕೆ ಬಿಗಿದ ಲೈಟುಗಳ ಬೆಳಕಿನಲ್ಲಿ ಇಬ್ಬನಿ ಹಿಟ್ಟು ಜರಡಿ ಹಿಡಿದಂತೆ ಇಳಿಯುತ್ತಿದೆ. ಆ ಬೆಳಕಿನ ಕೆಳಗೆ ಪಕ್ಕಪಕ್ಕದಲ್ಲೇ ಮಲಗಿರುವ ಎರಡು ಉದ್ದನೆಯ ಕೆಸರುಗುಂಡಿಗಳು: ವೀರ ಮತ್ತು ವಿಕ್ರಮ. ಗುಂಡಿ ಎಂದು ನಾನು ಬರೆದದ್ದನ್ನು ಇಲ್ಲಿಯವರು ಓದಿದರೆ ಬೈದಾರು. ಅದು ಕರೆ. ಜೋಡುಕರೆ. ಹೆಸರಿಟ್ಟು, ಪೂಜೆ ಮಾಡಿ, ಮರಳು ಮಣ್ಣು ನೀರು ಹದ ನೋಡಿ ಬೆರೆಸಿ, ವರ್ಷವಿಡೀ ಕಾದಿಟ್ಟುಕೊಂಡ ನೆಲ.

ದೂರದ ತುದಿಯಲ್ಲಿ, ಓಟ ಹೊರಡುವ ಗಂತಿನ ಕಡೆ, ಕೊಂಬು ಕೂಗಿತು. ಎರಡು ಜೊತೆ ಕೋಣಗಳು ಇಳಿಯುತ್ತಿವೆ. ಎಣ್ಣೆ ತಿಕ್ಕಿ ತಿಕ್ಕಿ ಕಪ್ಪುಕಲ್ಲಿನಂತೆ ಹೊಳೆಯುವ ಮೈ, ಹಣೆಗೆ ಹಿತ್ತಾಳೆಯ ಪದಕ, ಮೂಗುದಾರ ಹಿಡಿದು ಎರಡೂ ಕಡೆ ಜೋತ ಆಳುಗಳು. ಹಿಂದೆ ಮುಂಡಾಸು ಕಟ್ಟಿದ ಯಜಮಾನರು, ಅವರ ಹಿಂದೆ ವಾಲಗ, ಅದರ ಹಿಂದೆ ಊರಿಗೂರೇ. ಈ ಗದ್ದಲದ ನಡುವೆ ಒಬ್ಬ ಯುವಕ ಏನೂ ಗಡಿಬಿಡಿ ಇಲ್ಲದೆ ಅಂಗಿ ಕಳಚಿ ಯಾರ ಕೈಗೋ ಕೊಡುತ್ತಾನೆ. ಸೊಂಟಕ್ಕೊಂದು ಬಿಗಿ ಚಡ್ಡಿ, ತಲೆಗೊಂದು ಪಟ್ಟಿ. ಕಾಲು ಬರಿಗಾಲು. ಕೊಡದಿಂದ ನೀರು ಮೊಗೆದು ಮೊಣಕಾಲಿನಿಂದ ಕೆಳಗೆ ಸುರಿದುಕೊಳ್ಳುತ್ತಾನೆ. ಕೆಸರಿಗಿಳಿದು ಎಡಗಾಲ ಹಿಮ್ಮಡಿಯನ್ನು ಎರಡು ಸಲ ಒತ್ತಿ ತಿರುಪುತ್ತಾನೆ, ಬಾಗಿಲ ಕೀಲಿಗೆ ಕೀಲಿಕೈ ತಿರುಪಿದ ಹಾಗೆ. ನೆಲ ಎಷ್ಟು ಮೃದು, ಎಷ್ಟು ಆಳಕ್ಕೆ ಗಟ್ಟಿ ಎಂದು ಅವನಿಗೆ ಗೊತ್ತಾಗುವುದು ಅಲ್ಲಿಂದ.

"ಮೇಲೆ ನೋಡ್ಬೇಡಿ ಮಾರಾಯ್ರೆ, ಕಾಲು ನೋಡಿ" ಎಂದರು ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು. ಮಫ್ಲರ್ ಸುತ್ತಿಕೊಂಡು, ಎಲೆಯಡಿಕೆ ಕೆನ್ನೆಗೆ ಒತ್ತಿಕೊಂಡು, ಸಂಜೆಯಿಂದ ಅಲ್ಲಾಡದೆ ಕೂತವರು. "ಕೋಣ ಎಲ್ಲರಿಗೂ ಕಾಣ್ತದೆ. ಇವನ ಹಿಮ್ಮಡಿ ಕಾಣುದು ಕೆಲವರಿಗೆ ಮಾತ್ರ."

ಬಿಟ್ಟರು. ಹಿಡಿದವರು ಪಕ್ಕಕ್ಕೆ ಹಾರಿದ್ದು ಕಂಡಿತು, ಆಮೇಲೆ ನೀರು. ಎರಡಾಳೆತ್ತರದ ನೀರಿನ ಗೋಡೆಯೊಂದು ನಮ್ಮ ಕಡೆಗೇ ಓಡಿಬರುತ್ತಿದೆ, ಅದರೊಳಗೆ ನಾಲ್ಕು ಕೊಂಬು, ಒಂದು ಕೈ, ಆಮೇಲೆ ಒಂದು ಮುಖ, ಕಣ್ಣು ಅರ್ಧ ಮುಚ್ಚಿ ಬಾಯಿ ಪೂರ್ತಿ ತೆರೆದದ್ದು. ನನಗೆ ಕಾಲು ಕಾಣಲಿಲ್ಲ. ನೋಡಬೇಕೆಂದು ನೆನಪಾಗುವಷ್ಟರಲ್ಲಿ ಅವರು ಓಟ ಮುಗಿಯುವ ಮಂಜೊಟ್ಟಿ ಹತ್ತಿ ಆಗಿತ್ತು. ಮೈಕಿನವರು ಸೆಕೆಂಡು, ಅದರ ಮೇಲೆ ಬಿಂದು, ಬಿಂದುವಿನ ಮೇಲೆ ಎರಡು ಅಂಕೆ ಓದಿದರು. ಬಯಲು ಒಂದೇ ಉಸಿರಿಗೆ ಕೂಗಿತು. ಹಿರಿಯರು ಎಲೆಯಡಿಕೆ ಉಗಿದು, "ಎಡದ್ದು ಸ್ವಲ್ಪ ಎಳೀತು" ಎಂದರು, ಅಷ್ಟೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳನ್ನು ಒಂದು ದಾರದಲ್ಲಿ ಪೋಣಿಸಿದರೆ ಕಂಬಳದ ಒಂದು ಒಳ್ಳೆಯ ಸರವೇ ಆಗುತ್ತದೆ. ನೇತ್ರಾವತಿಯ ದಂಡೆಯ ಬಂಟ್ವಾಳದಿಂದ ಸಿದ್ಧಕಟ್ಟೆ ದಾಟಿ ಬಂದರೆ ಈ ಹೊಕ್ಕಾಡಿಗೋಳಿ. ಅದೇ ತಾಲ್ಲೂಕಿನ ಕಾವಳಕಟ್ಟೆಯಲ್ಲಿ ಮೂಡೂರು-ಪಡೂರು, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಬೆಳ್ತಂಗಡಿ ತಾಲ್ಲೂಕಿಗೆ ದಾಟಿದರೆ ವೇಣೂರು. 1604ರಿಂದ ಫಲ್ಗುಣಿ ನದಿಯ ಬದಿಯಲ್ಲಿ ನಿಂತೇ ಇರುವ 35 ಅಡಿಯ ಬಾಹುಬಲಿಯ ಊರು. ಅಲ್ಲೇ ಪೆರ್ಮುಡದಲ್ಲಿ ಸೂರ್ಯ-ಚಂದ್ರ ಜೋಡುಕರೆ. ಒಂದೇ ಊರಿನಲ್ಲಿ ಒಬ್ಬ ನಾಲ್ಕು ಶತಮಾನದಿಂದ ಕದಲದೆ ನಿಂತವನು, ಕೆಲವರು ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿ ಹೋಗುವವರು. ಇನ್ನು ಮೂಡುಬಿದಿರೆ. ಸಾವಿರ ಕಂಬದ ಬಸದಿಯ ಊರಿನ ಪಕ್ಕದ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ.

ಕರೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೋಟಿ ಚೆನ್ನಯರು ತುಳುನಾಡಿನ ಗರಡಿಗಳ ಒಡೆಯರು, ಕಾಳಗದ ಪಟ್ಟು ಕಲಿತವರು. ಅವರ ಕಥೆ ಹಾಡುವ ಪಾಡ್ದನದಲ್ಲಿ ಅವರ ಬಾಳಿನ ಮೊದಲ ದೊಡ್ಡ ಜಗಳ ಹುಟ್ಟುವುದೇ ಗದ್ದೆಯ ವಿಷಯದಲ್ಲಿ, ನೀರಿನ ವಿಷಯದಲ್ಲಿ, ಬುದ್ಯಂತ ಎಂಬವನೊಡನೆ. ಹೊಡೆದಾಟದ ವಿದ್ಯೆಗೂ ಕೆಸರುಗದ್ದೆಗೂ ಈ ಸೀಮೆಯಲ್ಲಿ ಅಷ್ಟು ಹಳೆಯ ನಂಟು. ಇವತ್ತು ಗರಡಿಯಲ್ಲಿ ದೀಪ ಉರಿಯುತ್ತದೆ, ಜಾತ್ರೆಗೆ ನೇಮ ನಡೆಯುತ್ತದೆ. ಪಟ್ಟು ಕಲಿಯಬೇಕೆಂದ ಹುಡುಗ ಹುಡುಗಿಯರು ಪೇಟೆಯ ಕಟ್ಟಡದ ಮೇಲಿನ ಮಹಡಿಗೆ ಹೋಗಿ ಕರಾಟೆಯನ್ನೋ ಕಿಕ್‌ಬಾಕ್ಸಿಂಗನ್ನೋ ಸೇರುತ್ತಾರೆ. ಕಿಕ್‌ಬಾಕ್ಸಿಂಗ್‌ನವರ ದಾರಿ ಸ್ಪಷ್ಟ. ತೂಕ ನೋಡಿ ವರ್ಗ, ಎರಡೆರಡು ನಿಮಿಷದ ಮೂರು ಸುತ್ತು, ಕೈಗೆ ಗ್ಲೌಸು, ಕಣಕಾಲಿಗೆ ಪ್ಯಾಡು, ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೊಂದು ಸರ್ಟಿಫಿಕೇಟು. 2021ರ ಜುಲೈಯಲ್ಲಿ ಟೋಕಿಯೊದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಆಟಕ್ಕೆ ಪೂರ್ಣ ಮಾನ್ಯತೆಯನ್ನೂ ಕೊಟ್ಟಿತು. ಕೋಣ ಓಡಿಸುವವನಿಗೆ ಅಂಥ ಮೆಟ್ಟಿಲಿಲ್ಲ. ಅವನಿಗೆ ತೂಕದ ವರ್ಗವೂ ಇಲ್ಲ. ವಯಸ್ಸು ನೋಡಿ ಹಿರಿಯ, ಕಿರಿಯ ಎಂದು ವಿಂಗಡಿಸುವುದು ಅವನನ್ನಲ್ಲ, ಕೋಣವನ್ನು; ಅದೂ ಹಲ್ಲು ನೋಡಿ!

ಹಾಗಾದರೆ ಇಲ್ಲಿ ಚಾಂಪಿಯನ್ ಆಗುವುದು ಹೇಗೆ?

ಹಟ್ಟಿಯಿಂದ. ಕೋಣಕ್ಕೆ ಹುರುಳಿ ಬೇಯಿಸುವ, ಮೈತೊಳೆಯುವ, ಸಗಣಿ ಬಾಚುವ ಹುಡುಗನೊಬ್ಬ ಕೋಣದ ಜೊತೆ ಕಂಬಳಕ್ಕೆ ಬರುತ್ತಾನೆ. ಮೊದಲ ವರ್ಷ ಹಗ್ಗ ಹಿಡಿಯುವುದು. ಎರಡನೆಯ ವರ್ಷ ಗಂತಿನಲ್ಲಿ ಬಿಡಿಸುವವರ ಜೊತೆ ನಿಲ್ಲುವುದು. ಬಿಡಿಸುವುದೇ ಒಂದು ವಿದ್ಯೆ. ಅರ್ಧ ಕ್ಷಣ ಮುಂಚೆ ಬಿಟ್ಟರೆ ಒಂದು ಕೋಣ ಮುಂದೆ ಒಂದು ಹಿಂದೆ; ಜೊತೆ ಮುರಿದರೆ ಓಡಿಸುವವನ ತೋಳು ಕಿತ್ತುಬರುವುದೊಂದು ಬಾಕಿ. ಮುಂಜಾನೆ ಯಾರೂ ಇಲ್ಲದ ಹೊತ್ತು ಕುದಿಗೆ ಇಳಿಯುತ್ತಾನೆ, ಅಂದರೆ ಅಭ್ಯಾಸದ ಓಟಕ್ಕೆ. ಬೀಳುತ್ತಾನೆ. ಕೆಸರಿನಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ ಎಂದು ತಿಳಿದವರು ಕೆಸರಿನಲ್ಲಿ ಬೀಳದವರು. ಆ ವೇಗದಲ್ಲಿ ನೀರು ಕಲ್ಲಿನ ಹಾಗೆ ಹೊಡೆಯುತ್ತದೆ. 2011ರಲ್ಲಿ ಕಾರ್ಕಳದ ಮಿಯಾರಿನಲ್ಲಿ ಕಂಬಳ ಅಕಾಡೆಮಿ ಶುರುವಾಯಿತು. ಮೂಡುಬಿದಿರೆಯ ಪ್ರೊ. ಗುಣಪಾಲ ಕಡಂಬರು ಅದರ ಹಿಂದಿದ್ದವರು. ಅದುವರೆಗೆ ಹಟ್ಟಿಯಲ್ಲಿ ಕಣ್ಣಲ್ಲೇ ಕಲಿಯುತ್ತಿದ್ದದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಿಕೊಟ್ಟರು. ಉಸಿರು, ವ್ಯಾಯಾಮ, ಕೋಣದ ಆರೈಕೆ, ಓಡುವ ಕ್ರಮ.

ಓಟವೂ ಒಂದೇ ಬಗೆಯದಲ್ಲ. ನೇಗಿಲಿನ ಓಟದಲ್ಲಿ ನೊಗಕ್ಕೆ ಕಟ್ಟಿದ್ದು ಉಳುವ ನೇಗಿಲಲ್ಲ, ಅದರ ನೆನಪಿನಂಥ ಹಗುರ ಮರ. ಹಗ್ಗದ ಓಟದಲ್ಲಿ ಅದೂ ಇಲ್ಲ, ನೊಗಕ್ಕೊಂದು ಹಗ್ಗ, ಹಗ್ಗಕ್ಕೊಂದು ಕೈ. ಪಳಗಿದ ಕೋಣಗಳು, ಪಳಗಿದ ಓಟಗಾರರು ಸೇರುವ ಜಾಗ ಅದು, ವೇಗ ಹುಚ್ಚು ಹಿಡಿಯುವುದೂ ಅಲ್ಲೇ. ಅಡ್ಡಹಲಗೆಯಲ್ಲಿ ಓಡುವಂತಿಲ್ಲ, ಹಲಗೆಯ ಮೇಲೆ ನಿಂತು ಸಾಗಬೇಕು. ಇವೆಲ್ಲಕ್ಕಿಂತ ನನ್ನ ಕಣ್ಣಿಗೆ ಚೆಂದ ಕನೆಹಲಗೆ. ತೂತು ಕೊರೆದ ಮರದ ತುಂಡಿನ ಮೇಲೆ ಒಂದು ಕಾಲು ಊರಿ ನಿಂತವನು ಕೋಣದ ಬಾಲ ಹಿಡಿದು ಸಾಗುವಾಗ ತೂತಿನಿಂದ ನೀರು ಬಾಣದಂತೆ ಮೇಲಕ್ಕೆ ಚಿಮ್ಮಬೇಕು. ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ಬಿಳಿ ಬಟ್ಟೆಯೇ ನಿಶಾನೆ. ಆರೂವರೆ ಕೋಲಿಗೊಂದು, ಏಳೂವರೆ ಕೋಲಿಗೊಂದು. ನೀರು ತಾಗಿ ಬಟ್ಟೆ ಒದ್ದೆಯಾದರೆ ಗೆಲುವು. ಇಲ್ಲಿ ಗಡಿಯಾರಕ್ಕೆ ಕೆಲಸವೇ ಇಲ್ಲ. ಒದ್ದೆಯೋ ಒಣಗಿದೆಯೋ, ಅಷ್ಟೇ ಪ್ರಶ್ನೆ. ಇದನ್ನು ಯಾವ ಒಲಿಂಪಿಕ್ಸಿನ ಯಾವ ಆಟಕ್ಕೂ ಹೋಲಿಸಲಾರದೆ ಪತ್ರಿಕೆಗಳು ಬಿಟ್ಟುಬಿಟ್ಟಿವೆ. ಒಳ್ಳೆಯದೇ ಆಯಿತು.

ಹೋಲಿಸಲು ಬಂದದ್ದು ಹಗ್ಗ ನೇಗಿಲುಗಳ ಓಟ. ಹೋಲಿಕೆಯ ಬಾಯಿಗೆ ಬಿದ್ದವರು ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ.

2020ರ ಫೆಬ್ರವರಿ 1. ಕಿನ್ನಿಗೋಳಿ ಬಳಿಯ ಐಕಳದ ಕಾಂತಾಬಾರೆ-ಬೂದಾಬಾರೆ ಕರೆ. ಉದ್ದ 142.5 ಮೀಟರ್. ಗೌಡರು ಓಡಿಸಿದ ಜೊತೆ ಅದನ್ನು ಮುಗಿಸಿದ್ದು 13.62 ಸೆಕೆಂಡಿನಲ್ಲಿ. ಆಗ ಅವರಿಗೆ 28 ವರ್ಷ. ಕಂಬಳ ಇಲ್ಲದ ದಿನಗಳಲ್ಲಿ ಕಟ್ಟಡ ಕೆಲಸ. ಕರೆಯ ಬದಿಯಲ್ಲಿದ್ದವರಿಗೆ ಅದು ಒಂದು ಭಾರೀ ಒಳ್ಳೆಯ ಓಟ, ಮಾರನೆಯ ವಾರ ಮತ್ತೊಂದು ಊರಿನಲ್ಲಿ ಮತ್ತೊಂದು. ಆದರೆ ಯಾರೋ ಕಾಗದ ಪೆನ್ಸಿಲು ತೆಗೆದರು. 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರು. 9.55 ಬಂತು. ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಓಡಿದ್ದು 9.58. ಮೂರು ನೂರಾಂಶ ಸೆಕೆಂಡಿನ ಈ ಗುಣಾಕಾರ ಎರಡು ವಾರ ಊರಿನಲ್ಲೇ ಸುತ್ತಾಡಿ ಆಮೇಲೆ ಮೊಬೈಲಿಗೆ ಹತ್ತಿತು. ಅಲ್ಲಿಂದ ಮುಂದಿನದು ಕೆಸರಿನ ಕಾಲಕ್ಕೆ ಸೇರಿದ್ದಲ್ಲ.

ಉದ್ಯಮಿ ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು. ಫೆಬ್ರವರಿ 15ರಂದು ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಉತ್ತರ ಕೊಟ್ಟರು: ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರು ಈತನನ್ನು ಪರೀಕ್ಷಿಸುತ್ತಾರೆ. ರೈಲಿನ ಟಿಕೆಟ್ಟೂ ಆಯಿತು. ಫೆಬ್ರವರಿ 17ಕ್ಕೆ ಬೆಂಗಳೂರಿನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಕೈಯಿಂದ ಶಾಲು ಮತ್ತು 3 ಲಕ್ಷ ರೂಪಾಯಿ. ಇವೆರಡರ ನಡುವೆ ಒಂದು ಭಾನುವಾರ ಬಂತು. ಅದು ದೆಹಲಿಯವರ ಪಂಚಾಂಗದಲ್ಲಿ ಇರಲಿಲ್ಲ, ನಮ್ಮಲ್ಲಿತ್ತು. ಫೆಬ್ರವರಿ 16, ವೇಣೂರು ಕಂಬಳ. ಸೂರ್ಯ-ಚಂದ್ರ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ ಓಡಿಸಿದ ಕೋಣಗಳ ವೇಗವನ್ನು ಅದೇ ಗುಣಾಕಾರದಲ್ಲಿ ಹಾಕಿದಾಗ ಬಂದದ್ದು 9.51! ದೇಶಕ್ಕೆ ದೇಶವೇ ಒಬ್ಬನ ಹಿಂದೆ ಬಿದ್ದ ಮರುದಿನವೇ ಅವನಿಗಿಂತ ವೇಗದವನು ಪಕ್ಕದ ತಾಲ್ಲೂಕಿನಲ್ಲಿ ಕಾಲು ತೊಳೆಯುತ್ತಿದ್ದ. ಪ್ರಪಂಚದ ಅತಿ ವೇಗದ ಇಬ್ಬರು ಮನುಷ್ಯರು ಒಂದು ಮಧ್ಯಾಹ್ನದ ಬಸ್ಸಿನ ದೂರದಲ್ಲಿ ಹುಟ್ಟಿದ್ದಾರೆಂದು ನಂಬುವುದಕ್ಕಿಂತ, ಲೆಕ್ಕದಲ್ಲಿ ಏನೋ ಮರೆತಿದೆ ಎಂದು ನಂಬುವುದು ಸುಲಭ ಅಲ್ಲವೇ?

ಮರೆತದ್ದು ಕೋಣಗಳನ್ನು. ನೂರು ಮೀಟರ್ ಓಟದಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜೋರಾಗಿದ್ದರೆ ದಾಖಲೆ ಕೊಡುವುದಿಲ್ಲ, ಗಾಳಿ ದೂಡಿತೆಂದು. ಇಲ್ಲಿ ಹಿಂದಿನಿಂದ ಗಾಳಿಯಲ್ಲ, ಮುಂದಿನಿಂದ ಆರೇಳು ಆಳು ತೂಕದ ಎರಡು ಪ್ರಾಣಿಗಳು ಎಳೆಯುತ್ತವೆ. ಕರೆಯ ಉದ್ದ ಊರಿಗೊಂದು. ಪಿಸ್ತೂಲಿನ ಸದ್ದಿಗೆ ಹೊರಡುವ ಕ್ರಮವೂ ಇಲ್ಲ. ಬರ್ಲಿನ್ನಿನಲ್ಲಿ ಸದ್ದು ಕೇಳಿ ಕಾಲು ಕದಲಿಸಲು ಬೋಲ್ಟ್ ತೆಗೆದುಕೊಂಡ 0.146 ಸೆಕೆಂಡು ಸಹ 9.58ರ ಒಳಗೇ ಸೇರಿದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಗುಣಾಕಾರದ್ದೇ. ನೂರು ಮೀಟರ್ ಓಡುವವನು ಅರ್ಧ ದೂರವನ್ನು ವೇಗ ಕೂಡಿಸಿಕೊಳ್ಳಲು ಕಳೆಯುತ್ತಾನೆ. 142 ಮೀಟರಿನಲ್ಲಿ ಆ ನಷ್ಟ ಹಂಚಿಹೋಗುತ್ತದೆ, ಸರಾಸರಿ ಚೆಂದ ಕಾಣುತ್ತದೆ.

ಹೋಲಿಸಲೇಬೇಕೆಂದಿದ್ದರೆ ಸರಿಯಾದ ಓಟ ಬೇರೆ ಇತ್ತು. ಅದೇ 2009ರ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರಿನ ಪೇಟೆಬೀದಿಯಲ್ಲಿ ನೇರಕ್ಕೆ ಹಾಸಿದ ಟ್ರ್ಯಾಕಿನ ಮೇಲೆ ಬೋಲ್ಟ್ 150 ಮೀಟರ್ ಓಡಿದರು, 14.35 ಸೆಕೆಂಡಿನಲ್ಲಿ. ಐಕಳದ ವೇಗವನ್ನು 150 ಮೀಟರಿಗೆ ಎಳೆದು ನೋಡಿ. 14.34 ಬರುತ್ತದೆ. ಈ ಲೆಕ್ಕ ನಾನು ಮಾಡಿ ಒಂದು ನಿಮಿಷ ಸುಮ್ಮನೆ ಕೂತೆ. ಅಂದರೆ ಬೋಲ್ಟ್ ಆ ದಿನ ಯಾವ ಕೋಣವೂ ಇಲ್ಲದೆ ಎರಡು ಕೋಣಗಳಷ್ಟು ವೇಗವಾಗಿ ಓಡಿದ್ದ ಎನ್ನಬಹುದು. ಇಲ್ಲವೇ, ಬೋಲ್ಟ್ ಓಡುವ ವೇಗದಲ್ಲಿ ಮೊಣಕಾಲಷ್ಟು ನೀರಿನಲ್ಲಿ, ಕಣ್ಣು ಕಾಣದೆ, ಬರಿಗಾಲಿನಲ್ಲಿ, ಮತ್ತೊಂದು ಪ್ರಾಣಿಯ ಇಷ್ಟಕ್ಕೆ ತಕ್ಕಂತೆ ಒಬ್ಬ ಮನುಷ್ಯ ಕಾಲು ಎತ್ತಿಟ್ಟ ಎನ್ನಬಹುದು. ಗಂಟೆಗೆ 37 ಕಿಲೋಮೀಟರ್ ಮೀರಿದ ವೇಗ ಅದು. ಪೇಟೆಯೊಳಗೆ ಸ್ಕೂಟರು ಓಡಿಸುವುದಕ್ಕಿಂತ ಜೋರು. ಎರಡನೆಯದೇ ನನಗೆ ದೊಡ್ಡದೆನಿಸುತ್ತದೆ. ಅದಕ್ಕೆ ಬೋಲ್ಟನ ಹೆಸರು ಬೇಕಾಗಿಯೂ ಇಲ್ಲ.

ಈ ಗಲಾಟೆಯಲ್ಲಿ ತೂಕದ ಮಾತಾಡಿದವರು ಗೌಡರು ಒಬ್ಬರೇ. ಬೋಲ್ಟ್ ಜೊತೆ ನನ್ನನ್ನು ಹೋಲಿಸಬೇಡಿ, ಆತ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಎಂಬರ್ಥದಲ್ಲಿ ಹೇಳಿದರು. ಗೆಲುವಿನಲ್ಲಿ ಕೋಣಗಳ ಪಾಲನ್ನೂ ಮರೆಯಲಿಲ್ಲ. ಆಮೇಲೆ ಪರೀಕ್ಷೆಗೆ ಹೋಗುವುದಿಲ್ಲ ಎಂದರು. ಕಾಲಿಗೆ ಪೆಟ್ಟಾಗಿತ್ತು, ಕಂಬಳಗಳು ಬಾಕಿ ಇದ್ದವು. ಇವೆರಡು ಕಾರಣ ಯಾರಿಗೂ ಅರ್ಥವಾಗುತ್ತವೆ. ಮೂರನೆಯದು ಮಾತ್ರ ಕಸುಬುದಾರನ ಬಾಯಿಯಿಂದಷ್ಟೇ ಬರುವಂಥದ್ದು: ಟ್ರ್ಯಾಕಿನಲ್ಲಿ ಓಡುವುದು ಕಾಲ್ಬೆರಳಿನ ಮೇಲೆ, ಕಂಬಳದಲ್ಲಿ ಹಿಮ್ಮಡಿಯ ಮೇಲೆ.

ಅದನ್ನು ಓದಿದಾಗ ನನಗೆ ಅದೊಂದು ನೆಪ ಎನಿಸಿತ್ತು. ಹೊಕ್ಕಾಡಿಗೋಳಿಯ ಕಟ್ಟೆಯಲ್ಲಿ ಕೂತು ನಾಲ್ಕನೆಯ ಓಟಕ್ಕೋ ಐದನೆಯದಕ್ಕೋ ನೀರಿನ ಗೋಡೆಯೊಳಗೆ ಕಾಲು ಕಾಣತೊಡಗಿದ ಮೇಲೆ ಗೊತ್ತಾಯಿತು, ಅದು ಬರೀ ನಿಜ. ಟ್ರ್ಯಾಕಿನವನು ನೆಲವನ್ನು ಹಿಂದಕ್ಕೆ ದೂಡಿ ಮುಂದೆ ಹೋಗುತ್ತಾನೆ, ಬೆರಳು ಚಿಮ್ಮಬೇಕು. ಇಲ್ಲಿಯವನನ್ನು ಮುಂದಕ್ಕೆ ಒಯ್ಯಲು ಕೋಣಗಳಿವೆ. ಅವನ ಕೆಲಸ ಬೀಳದಿರುವುದು, ಹಗ್ಗ ಸಡಿಲಾಗದಷ್ಟು ಹಿಂದೆ ಉಳಿಯುವುದು, ಹಗ್ಗ ತುಂಡಾಗದಷ್ಟು ಮುಂದೆ ಬರುವುದು. ಮೈ ಹಿಂದಕ್ಕೆ ವಾಲಿರುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೊದಲು ನೀರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು, ಮುಟ್ಟಿದೊಡನೆ ಕೀಳಬೇಕು. ಬೆರಳು ಮೊದಲು ಹೋದರೆ ಕೆಸರು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಮುಖ ಅಡಿಯಾಗಿ ಎಳೆದುಕೊಂಡು ಹೋಗುವುದೇ ಸೈ. ಹತ್ತು ವರ್ಷ ಹಾಗೆ ಓಡಿದ ಕಾಲನ್ನು ಒಂದು ಸೋಮವಾರ ಬೆಳಿಗ್ಗೆ ಸ್ಪೈಕ್ ಶೂಗಳೊಳಗೆ ತುರುಕಿ ಸಿಂಥೆಟಿಕ್ ಟ್ರ್ಯಾಕಿನಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತು? ನಗೆಪಾಟಲು. ಯಕ್ಷಗಾನದ ವೇಷಧಾರಿಯನ್ನು ಧೀಂಗಿಣ ಚೆನ್ನಾಗಿ ಹಾಕುತ್ತಾನೆಂದು ಹೈಜಂಪಿಗೆ ಕಳಿಸಿದ ಹಾಗೆ. ಅದನ್ನು ದೆಹಲಿಗಿಂತ ಮುಂಚೆ ಕಂಡುಕೊಂಡವರು ಗೌಡರು. ಅಲ್ಲಿಗೆ ಹೋಗದಿದ್ದದ್ದು ಅವರ ವೃತ್ತಿಯ ಅತ್ಯುತ್ತಮ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಒಂದು ಅವಕಾಶ ಕಳಕೊಂಡರು ಎಂದು ಮರುಗಿದವರು ಇದ್ದಾರೆ, ಇರಲಿ.

ಗೌಡರ ಓಟವೇನೂ ಅಲ್ಲಿಗೆ ನಿಲ್ಲಲಿಲ್ಲ. 2021ರಲ್ಲಿ ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನ ಸತ್ಯ-ಧರ್ಮ ಕರೆಯಲ್ಲಿ 125 ಮೀಟರನ್ನು 11.21 ಸೆಕೆಂಡಿನಲ್ಲಿ ಮುಗಿಸಿದರು. ಗುಣಾಕಾರದವರಿಗೆ 8.96 ಸಿಕ್ಕಿತು. ಈ ಸಲ ದೆಹಲಿಯಿಂದ ಯಾರೂ ಟಿಕೆಟ್ ಮಾಡಲಿಲ್ಲ. ಒಂಬತ್ತು ಸೆಕೆಂಡಿಗಿಂತ ಕೆಳಗಿಳಿದ ಸಂಖ್ಯೆಯನ್ನು ನಂಬಲು ಯಾರಿಗೂ ಧೈರ್ಯ ಸಾಲಲಿಲ್ಲವೇನೋ. ಸಮಯ ಅಳೆಯುವ ಕ್ರಮದ ಬಗ್ಗೆ ಊರೊಳಗೇ ತಕರಾರು ಎದ್ದದ್ದೂ ಉಂಟು. ಲೇಸರ್ ಕಿರಣ, ಸೆನ್ಸರು, ವಿಡಿಯೊ ಬಂದ ಮೇಲೂ ಕಂಬಳದ ಜಗಳ ಕಂಬಳದ್ದೇ. ಮಂಜೊಟ್ಟಿಯ ಬಳಿ ಯಾರ ಕೋಣದ ಮೂಗು ಮುಂದಿತ್ತೆಂದು ಅಜ್ಜನ ಕಾಲದಲ್ಲಿ ಶುರುವಾದ ವಾದ ಕೆಲವು ಮನೆಗಳಲ್ಲಿ ಇನ್ನೂ ಮುಗಿದಿಲ್ಲ.

ಓಡಿಸುವವನ ಆದಾಯದ ಮಾತು ಬಂದಾಗ ಮೈಕು ಮೆಲ್ಲಗಾಗುತ್ತದೆ. ಗೆದ್ದ ಜೊತೆಗೆ ಸಿಗುವ ಬಹುಮಾನ ಪವನಿನ ಲೆಕ್ಕದ ಚಿನ್ನ. ಅದು ಕೋಣದ ಯಜಮಾನರದ್ದು. ಟ್ರೋಫಿಯೂ ಅವರ ಚಾವಡಿಗೆ. ಮೈಕಿನಲ್ಲಿ ಮೊದಲು ಕೂಗುವುದು ಅವರ ಮನೆತನದ ಹೆಸರು, ಆಮೇಲೆ ಓಡಿಸಿದವರು ಇಂಥವರು ಎಂದು ಒಂದು ಸಾಲು. ಓಡಿಸಿದವನಿಗೆ ಸಂಭಾವನೆ ಉಂಟು, ಗೌರವ ಉಂಟು, ಒಳ್ಳೆಯ ಓಟಗಾರನಿಗೆ ಯಜಮಾನರ ನಡುವೆ ಎಳೆದಾಟವೂ ಉಂಟು. ಆದರೆ ನವೆಂಬರಿನಿಂದ ಮಾರ್ಚ್, ಹೆಚ್ಚೆಂದರೆ ಏಪ್ರಿಲ್. ಆಮೇಲೆ ಕೋಣ ಹಟ್ಟಿಗೆ, ಓಟಗಾರ ಕೆಲಸಕ್ಕೆ. ಕೋಣಕ್ಕೆ ಮಳೆಗಾಲದಲ್ಲೂ ಹುರುಳಿ ಎಣ್ಣೆ ತಪ್ಪುವುದಿಲ್ಲ. ಕೆಲವರ ಹಟ್ಟಿಯಲ್ಲಿ ಫ್ಯಾನು, ಅಂಗಳದಲ್ಲಿ ಈಜುಕೊಳ. ಇದನ್ನು ದೂರಾಗಿ ಹೇಳುತ್ತಿಲ್ಲ, ಕೋಣದ ಕೊರಳಿಗೆ ಬಿದ್ದು ಅಳುವ ಯಜಮಾನರನ್ನು ಕಂಡಿದ್ದೇನೆ. ಆದರೂ ಕಾಲು ಉಳುಕಿದವನ ಮನೆಗೆ ಮಳೆಗಾಲದಲ್ಲಿ ಯಾರು ಹೋಗುತ್ತಾರೆ ಎಂದು ಕೇಳಿದರೆ ಉತ್ತರ ನಿಧಾನವಾಗಿ ಬರುತ್ತದೆ.

ಮೂರು ವರ್ಷ ಈ ಕಾಲುಗಳಿಗೆ ಕೆಲಸವೇ ಹೋಗುವುದರಲ್ಲಿತ್ತು. 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪು ಜಲ್ಲಿಕಟ್ಟಿನ ಜೊತೆ ಕಂಬಳದ ಕುತ್ತಿಗೆಗೂ ಬಂತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳೇ ಮೆರವಣಿಗೆ ಹೊರಟವು. ಫೆಬ್ರವರಿಯಲ್ಲಿ ವಿಧಾನಸಭೆ ತಿದ್ದುಪಡಿ ಅಂಗೀಕರಿಸಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಕಂಬಳದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 25, 26ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ-ಮಹಾರಾಜ ಎಂಬ ಕರೆ ತೋಡಿ ಲಾರಿಗಟ್ಟಲೆ ಕೋಣ ಘಟ್ಟ ಹತ್ತಿಸಿದ್ದೂ ಆಯಿತು. ಕೇಸು ಹಾಕಿದವರನ್ನು ಇಲ್ಲಿ ಬೈಯುವವರು ಬಹಳ. ನಾನು ಬೈಯಲಾರೆ. ಬೆತ್ತದ ಪೆಟ್ಟು ಬೆತ್ತದ ಪೆಟ್ಟೇ; ಹಿಂದೆ ಕೋಣದ ಬೆನ್ನಿನಲ್ಲಿ ಬಾಸುಂಡೆ ಎದ್ದದ್ದನ್ನು ನೋಡಿದವರಲ್ಲಿ ನಾನೂ ಒಬ್ಬ. ಕೋರ್ಟಿನ ಹೆದರಿಕೆಯಿಂದ ಬೆತ್ತ ಕಡಿಮೆಯಾಯಿತು, ಹೊತ್ತು ಹೊತ್ತಿಗೆ ಪಶುವೈದ್ಯರು ಬಂದರು. ಓಟ ನಿಧಾನವಾಯಿತೇ? ಮೇಲಿನ ತಾರೀಖುಗಳನ್ನೇ ನೋಡಿ, ಹೆಸರಾಂತ ವೇಗಗಳೆಲ್ಲ ಬಂದದ್ದು ಆಮೇಲೆ. ಕಟ್ಟೆಯ ಹಿರಿಯರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಡೆದ್ರೆ ಕೋಣ ಹೆದರಿ ಓಡ್ತದೆ. ಹೆದರಿದ್ದು ನೇರ ಓಡುದಿಲ್ಲ" ಎಂದರು. ಅರುವತ್ತು ವರ್ಷದ ಕಂಬಳ ನೋಡಿದವರು ಇದನ್ನು ಮುಂಚೆ ಯಾಕೆ ಹೇಳಲಿಲ್ಲವೋ, ಕೇಳಲು ನನಗೆ ಬಾಯಿ ಬರಲಿಲ್ಲ.

ನಾಲ್ಕೂವರೆಗೆ ಚಳಿ ಎಲುಬಿಗಿಳಿಯಿತು. ಚರುಮುರಿಯವನು ಈರುಳ್ಳಿ ಮುಗಿದು ಬರೀ ಕ್ಯಾರೆಟ್ಟು ತುರಿದು ಕೊಡುತ್ತಿದ್ದ. ಗೋಳಿಬಜೆಯ ಬಾಣಲೆಯ ಸುತ್ತ ಕೈ ಕಾಯಿಸಿಕೊಳ್ಳುವವರ ಗುಂಪು. ಲಾರಿಯ ನೆರಳಿನಲ್ಲಿ ಗೋಣಿ ಹೊದ್ದ ಕೋಣಗಳು ಮೆಲುಕು ಹಾಕುತ್ತ ನಿಂತಿವೆ. ಒಂದು ಗಂಟೆಯ ಹಿಂದೆ ನೀರಿನ ಗೋಡೆ ಎಬ್ಬಿಸಿದವು ಇವೇ ಎಂದರೆ ನಂಬುವುದು ಕಷ್ಟ. ಚಾ ಹುಡುಕುತ್ತ ಹೋದವನಿಗೆ ಲಾರಿಯ ಹಿಂದಿನ ಡ್ರಮ್ಮಿನ ಬಳಿ ಆ ಯುವಕ ಸಿಕ್ಕಿದ, ಎರಡೂವರೆಗೆ ಹಿಮ್ಮಡಿ ತಿರುಪಿದವನು. ಅವನ ಜೊತೆ ಸೆಮಿಫೈನಲಿಗೆ ಬಂದಿದೆ, ಬೆಳಗಾದ ಮೇಲೆ ಓಟ. ಒಂದು ಕಾಲನ್ನು ಇನ್ನೊಂದು ಮೊಣಕಾಲ ಮೇಲೆ ಹಾಕಿಕೊಂಡು ಹಿಮ್ಮಡಿಗೆ ಬಿಸಿನೀರು ಹೊಯ್ಯುತ್ತಿದ್ದ. ಅಂಥ ಹಿಮ್ಮಡಿಯನ್ನು ನಾನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ. ಹಳೆಯ ಮರದ ತೊಗಟೆಯ ಹಾಗೆ ದಪ್ಪ, ಸುತ್ತಲೂ ಬಿರುಕು, ಬಿರುಕಿನೊಳಗೆ ಕರೆಯ ಮಣ್ಣು. ತೆಂಗಿನ ಕಡ್ಡಿಯ ತುದಿಯಿಂದ ಆ ಮಣ್ಣನ್ನು ಗೆರೆಗೆರೆಯಾಗಿ ಕೆರೆದು ತೆಗೆಯುತ್ತಿದ್ದ, ದಾರಿ ಹಿಡಿದು ಹೋಗುವ ಹಾಗೆ.

"ನೋವುಂಟಾ?" ಎಂದೆ.

"ಈಗ ಇಲ್ಲ ಅಣ್ಣ. ನಾಳೆ ಉಂಟು."

"ನಾಳೆ ರಜೆಯಾ?"

"ಎಂತ ರಜೆ? ಸೋಮವಾರ ಅಲ್ವಾ, ಸೆಂಟ್ರಿಂಗ್ ಕೆಲಸ. ಸ್ಲಾಬ್ ಹಾಕ್ಲಿಕ್ಕುಂಟು."

ಎಷ್ಟು ಸೆಕೆಂಡು ಬಂತು ರಾತ್ರಿಯದ್ದು ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ. ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದ, ಅವನು ಮೊಬೈಲು ನೋಡಿ ಹೇಳಿದ. ಇವನು ತಲೆಯಾಡಿಸಿದ, ಅಷ್ಟರಲ್ಲಿ ಲಾರಿಯ ಆಚೆಯಿಂದ ಕೋಣವೊಂದು ಮೂಗಿನಿಂದ ಜೋರಾಗಿ ಉಸಿರುಬಿಟ್ಟಿತು. ಕೈಯಲ್ಲಿದ್ದ ಕಡ್ಡಿ ನಿಂತಿತು. ಕಿವಿಗೊಟ್ಟು ಕೇಳಿದ. ಮತ್ತೊಮ್ಮೆ ಉಸಿರು. "ಎಡದ್ದು" ಎಂದು ಎದ್ದು, ಅರ್ಧ ತೊಳೆದ ಕಾಲಿನಲ್ಲೇ ಲಾರಿಯ ಆ ಬದಿಗೆ ಹೋದ.